ಹದಿನೈದನೆಯ ಗುಳಿ

ಮೌಸು ಮತ್ತೆ ಸಿಕ್ಕಿಕೊಂಡಿತು.

ಸೌಪರ್ಣಿಕಾ ಅದನ್ನು ಮಗುಚಿ, ಅಡಿಯ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರ್ ಗುಂಡನ್ನು ಅಂಗೈಗೆ ಬೀಳಿಸಿಕೊಂಡಳು. ಮುಳಬಾಗಿಲಿನ ರಸ್ತೆಯ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು, ಊದಿ, ಮತ್ತೆ ಒಳಗಿಟ್ಟಳು. ಪರದೆಯ ಮೇಲಿನ ಬಾಣ ಎಡಕ್ಕೆ ಒಂದಿಷ್ಟು ಓಡಿತು. ಬಲಕ್ಕೆ ಮಾತ್ರ ಬರಲೊಲ್ಲೆ ಎಂದಿತು.

"ನಮ್ಮ ಸ್ಟೇಷನ್ ಜೀಪೂ ಹಿಂಗೇ ಇತ್ತು ಮೇಡಂ," ಎಂದರು ಆವಲಪ್ಪ, ಸೈಬರ್ ಸೆಂಟರಿನ ಬಾಗಿಲಿಗೆ ಒರಗಿ. "ಎಡಕ್ಕೆ ಮಾತ್ರ ತಿರುಗ್ತಿತ್ತು. ಕಳ್ಳರೆಲ್ಲ ಬಲಕ್ಕೆ ಓಡೋರು."

ಆವಲಪ್ಪ ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಸೌಪರ್ಣಿಕಾ ಕೋಲಾರದಲ್ಲಿ ಖಾಸಗಿ ಪತ್ತೇದಾರಿಕೆಯ ಬೋರ್ಡು ಹಾಕಿದ ದಿನದಿಂದ ಅವರ ಓಮ್ನಿ ವ್ಯಾನೇ ಅವಳ ಕಾಲು, ಅವರ ಹಳೆಯ ಪೊಲೀಸ್ ಪರಿಚಯಗಳೇ ಅವಳ ಕಿವಿ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಚಂದನ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸಂಜೆಯೊಳಗೆ ಪುರಾವೆ ಸಿಗದಿದ್ದರೆ ಅವಳ ಮೇಲೆ ಕಳವಿನ ಕೇಸು ದಾಖಲಾಗುತ್ತಿತ್ತು. ಸೋಮವಾರ ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬಿನ ಕೆಲಸಕ್ಕೆ ಅವಳು ಸೇರಬೇಕು. ಠಾಣೆಯಲ್ಲಿ ಹೆಸರು ಬಿದ್ದವಳನ್ನು ಅವರು ಬಾಗಿಲಿಂದಲೇ ಕಳಿಸುತ್ತಾರೆ.

ಕಳವಾಯಿತೆನ್ನಲಾದ ವಸ್ತು ಎದುರಿನ ಪರದೆಯ ಮೇಲೇ ಇತ್ತು: ಒಂದು ಅಳಿಗುಳಿ ಮಣೆ.

ಮರದ ಮಣೆಯಲ್ಲ, ಚಿತ್ರದ್ದು. ಫ್ಲ್ಯಾಶ್ ಎಂಬ ಸಾಫ್ಟ್‌ವೇರಿನಲ್ಲಿ ಮಾಡಿ ವೆಬ್ ಪುಟಕ್ಕೆ ಏರಿಸಿದ್ದು. ಎದುರುಬದುರು ಏಳೇಳು ಗುಳಿ. ಒಂದು ಗುಳಿಯನ್ನು ಒತ್ತಿದರೆ ಬಳೆ ತೊಟ್ಟ ಕೈಯೊಂದು ಬಂದು ಅದರೊಳಗಿನ ಹುಣಸೆ ಬೀಜಗಳನ್ನು ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುತ್ತದೆ. ಪ್ರತಿ ಬೀಜಕ್ಕೂ ಟಕ್ ಎಂಬ ಸದ್ದು. ಆರು ತಿಂಗಳಲ್ಲಿ ಎಲ್ಲೆಲ್ಲಿಯ ಜನವೋ ಇದನ್ನು ಆಡತೊಡಗಿದ್ದರು.

ಮಾಡಿದವಳು ತಾನು ಎಂದು ಚಂದನ ಹೇಳುತ್ತಿದ್ದಳು. ಅವಳು ಫ್ಲ್ಯಾಶ್ ಕಲಿತು, ಆಮೇಲೆ ಕಲಿಸಿದ್ದ ಶ್ರೀನಿವಾಸಪುರದ ಕಂಪ್ಯೂಟರ್ ಸೆಂಟರಿನ ಮಾಲೀಕ ಭಾರ್ಗವ್, ಮಾಡಿದವನು ತಾನು, ಇವಳು ಅದನ್ನು ಸೀಡಿಗೆ ಇಳಿಸಿಕೊಂಡು ಓಡಿದಳು ಎಂದು ದೂರು ಕೊಟ್ಟಿದ್ದ. ಅವಳ ಮೂಲ ಫೈಲಿದ್ದ ಕಂಪ್ಯೂಟರು ಅವನ ಸೆಂಟರಿನದು, ವೆಬ್ ಪುಟಕ್ಕೆ ಏರಿಸುವುದೂ ಅಲ್ಲಿಂದಲೇ. ಪಾಸ್‌ವರ್ಡು ಅವನ ಕೈಯಲ್ಲಿ. ಸಾಕ್ಷಿಗಳೂ ಅವನ ನೌಕರರೇ.

"ಹದಿನೈದನೇ ಗುಳಿ ಒಂದಿತ್ತು ಅಕ್ಕ," ಚಂದನ ಮತ್ತೆ ಅದನ್ನೇ ಹೇಳಿದಳು. "ಮಣೆ ಪಕ್ಕ, ಎಡಕ್ಕೆ. ಅದನ್ನ ಒತ್ತಿದ್ರೆ ನಮ್ಮಜ್ಜಿ ದನಿ ಬರ್ತಿತ್ತು. ಅದೊಂದಿದ್ದಿದ್ರೆ ಸಾಕಾಗಿತ್ತು. ಅವನು ಕಿತ್ತಾಕಿದಾನೆ."

"ಕಿತ್ತಮೇಲೆ ಹುಡುಕೋದೇನು ತಾಯಿ?" ಆವಲಪ್ಪ ಕೈಗಡಿಯಾರ ನೋಡಿಕೊಂಡರು. "ಭಾರ್ಗವ್ ಹತ್ರ ಹೋಗಿ ಒಂದು ರಾಜಿ ಮಾಡ್ಕೊಂಡ್ರೆ ಎಲ್ಲರಿಗೂ ಒಳ್ಳೇದು. ನಾನು ಮಾತಾಡ್ತೀನಿ."

"ಮಾಡದ ಕಳ್ಳತನಕ್ಕೆ ರಾಜಿ ಏನು ಆವಲಪ್ಪನೋರೇ?" ಎಂದಳು ಸೌಪರ್ಣಿಕಾ.

ಸೈಬರ್ ಸೆಂಟರಿನ ಒಡತಿ ಗಲ್ಲಾಪೆಟ್ಟಿಗೆಯಿಂದಲೇ ಕೂಗಿದಳು. "ಆ ಮೌಸ್ ಜೊತೆ ಯಾಕೆ ಒದ್ದಾಡ್ತೀರಾ ಮೇಡಂ? ಟ್ಯಾಬ್ ಕೀ ಒತ್ಕೊಂಡು ಹೋಗಿ. ಆ ಸಿಸ್ಟಮ್ಮಲ್ಲಿ ಎಲ್ಲಾರೂ ಹಂಗೇ ಮಾಡೋದು."

ಸೌಪರ್ಣಿಕಾ ಒತ್ತಿದಳು. ಮೊದಲ ಗುಳಿಯ ಸುತ್ತ ತೆಳ್ಳನೆಯ ಹಳದಿ ಚೌಕ ಮೂಡಿತು. ಮತ್ತೆ ಒತ್ತಿದಳು. ಚೌಕ ಎರಡನೆಯ ಗುಳಿಗೆ ಹೋಯಿತು. ಹೀಗೆ ಒಂದೊಂದಾಗಿ ಗುಳಿ ದಾಟುತ್ತ ಕೆಳಸಾಲು ಮುಗಿಸಿ ಮೇಲಿನ ಸಾಲಿಗೆ ಏರಿತು, ಕೊನೆಯ ಗುಳಿಯನ್ನೂ ಮುಟ್ಟಿತು.

ಇನ್ನೊಮ್ಮೆ ಒತ್ತಿದಳು. ಚೌಕ ಮಾಯವಾಯಿತು.

ಮತ್ತೊಮ್ಮೆ ಒತ್ತಿದಾಗ ಮೊದಲ ಗುಳಿಗೆ ಬಂದು ಕೂತಿತು.

ಸೌಪರ್ಣಿಕಾಳ ಬೆರಳು ಅಲ್ಲೇ ನಿಂತಿತು. ಅವಳು ಕಂಪ್ಯೂಟರ್ ಓದಿದವಳಲ್ಲ. ಆದರೆ ಒಂದು ಸುತ್ತಿನಲ್ಲಿ ಯಾರೋ ಒಬ್ಬರು ಒಂದು ಗಳಿಗೆ ಕಾಣೆಯಾಗಿ ಮತ್ತೆ ಬಂದರೆ, ನಡುವೆ ಎಲ್ಲಿ ಹೋಗಿದ್ದರು ಎಂದು ಕೇಳುವುದು ಅವಳ ಕಸುಬು.

ಇನ್ನೊಂದು ಸುತ್ತು ಒತ್ತಿದಳು. ಅದೇ ಜಾಗದಲ್ಲಿ ಅದೇ ಮಾಯ.

"ಚಂದನ, ಇದು ಎಲ್ಲಿಗೆ ಹೋಗಿ ಬರ್ತಿದೆ?"

ಚಂದನ ಸ್ಟೂಲು ಉರುಳಿದ ಪರಿವೆಯಿಲ್ಲದೆ ಎದ್ದು ನಿಂತಳು. "ಅಕ್ಕ... ಇನ್ನೊಂದ್ಸಲ ಒತ್ತಿ." ಸೌಪರ್ಣಿಕಾ ಒತ್ತಿದಳು. "ಕಿತ್ತಿಲ್ಲ! ಅಕ್ಕ, ಅವನು ಕಿತ್ತಿಲ್ಲ, ಹೊರಗೆ ತಳ್ಳಿದಾನೆ!"

"ಯಾವುದರ ಹೊರಗೆ?"

"ಫ್ಲ್ಯಾಶಲ್ಲಿ ಚಿತ್ರ ಬರೆಯೋ ಜಾಗಕ್ಕೆ ಸ್ಟೇಜ್ ಅಂತಾರೆ. ಸುತ್ತ ಬೂದು ಬಣ್ಣದ ಖಾಲಿ ಜಾಗ ಇರುತ್ತೆ. ನಾಟಕದಲ್ಲಿ ಪರದೆ ಪಕ್ಕ ಪಾತ್ರಧಾರಿಗಳು ನಿಂತಿರಲ್ವಾ, ಹಂಗೆ. ಅಲ್ಲಿಟ್ಟಿದ್ದು ನೋಡೋರಿಗೆ ಕಾಣಲ್ಲ. ಮೌಸಲ್ಲಿ ಮುಟ್ಟೋಕೂ ಆಗಲ್ಲ. ಆದ್ರೆ ಅದು ಇರುತ್ತೆ ಅಕ್ಕ, ಬದುಕಿರುತ್ತೆ! ಟ್ಯಾಬು ಅದನ್ನೂ ಲೆಕ್ಕಕ್ಕೆ ತಗೊಳ್ತಿದೆ. ಈಗ ಎಂಟರ್ ಒತ್ತಿದ್ರೆ..."

ಪರದೆ ಕಪ್ಪಾಯಿತು.

"ಅಯ್ಯಯ್ಯೋ," ಆವಲಪ್ಪ ಬಗ್ಗಿ ಗೋಡೆಯ ಪ್ಲಗ್ಗು ಹುಡುಕತೊಡಗಿದರು. "ಕಾಲಿಗೆ ವೈರು ಸಿಕ್ಕೊಳ್ತು ಮೇಡಂ. ವಯಸ್ಸಾಯ್ತು ನೋಡಿ."

ಮತ್ತೆ ಕಂಪ್ಯೂಟರು ಎದ್ದು, ಮೋಡೆಮ್ಮು ಕಿರುಚಿ, ಫೋನ್ ಲೈನು ಸಿಕ್ಕಿ, ಪುಟ ಇಳಿಯುವಷ್ಟರಲ್ಲಿ ಮಧ್ಯಾಹ್ನವೇ ಕಳೆಯುತ್ತಿತ್ತು. ಸೌಪರ್ಣಿಕಾ ಎದ್ದಳು.

"ಬೇಡ. ಭಾರ್ಗವ್ ಎದುರಿಗೇ ಒತ್ತೋಣ. ಸಬ್ ಇನ್‌ಸ್ಪೆಕ್ಟರ್ ಕೋದಂಡರಾಮಪ್ಪನವರು ಅಲ್ಲಿಗೇ ಬರಲಿ. ದಾರೀಲಿ ಯಲ್ದೂರಿಗೆ ಹೋಗಿ ಅಜ್ಜೀನ ಕರ್ಕೊಳ್ಳೋಣ."

"ಆ ಮುದುಕೀನ ಯಾಕೆ ಮೇಡಂ, ಈ ಬಿಸಿಲಲ್ಲಿ?" ಎಂದರು ಆವಲಪ್ಪ.

"ದನಿ ಯಾರದು ಅಂತ ಗೊತ್ತಾಗೋಕೆ ದನಿಯೋರೇ ಬೇಕಲ್ಲ."

* * *

ಯಲ್ದೂರಿನ ಮನೆಯ ಜಗುಲಿಯಲ್ಲಿ ವೆಂಕಟರತ್ನಮ್ಮ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದರು. ಒಂದು ಪಕ್ಕ ಹಣ್ಣಿನ ರಾಶಿ, ಇನ್ನೊಂದು ಪಕ್ಕ ಮಿರಮಿರ ಮಿಂಚುವ ಬೀಜದ ಗುಡ್ಡೆ. ಹಿತ್ತಿಲಿನ ಮಾವಿನ ಮರಗಳಿಂದ ಎಳೆಗಾಯಿಯ ಸೊನೆ ವಾಸನೆ ಬರುತ್ತಿತ್ತು.

"ರಾಮ್ಮಾ, ರಾ," ಎಂದು ತೆಲುಗಿನಲ್ಲಿ ಸೌಪರ್ಣಿಕಾಳನ್ನು ಕರೆದು ಕೂರಿಸಿದರು. "ಪೊಲೀಸಪ್ಪ ಬರಲಿಲ್ವಾ? ವ್ಯಾನಲ್ಲೇ ಕೂತವ್ನೆ? ಚಂದನಾ, ಅವ್ನಿಗೂ ಮಜ್ಜಿಗೆ ಕೊಡೇ."

ಚಂದನ ಲೋಟ ಹಿಡಿದು ಹೋಗಿ, ತುಂಬಿದ ಲೋಟವನ್ನೇ ವಾಪಸು ತಂದಳು. "ಬೇಡವಂತೆ ಅಜ್ಜಿ."

ಸೌಪರ್ಣಿಕಾಳಿಗೆ ಸಣ್ಣ ಆಶ್ಚರ್ಯವಾಯಿತು. ಹೋದ ಮನೆಯಲ್ಲೆಲ್ಲ ಎರಡನೆಯ ಲೋಟ ಕೇಳಿ ಕುಡಿಯುವ ಮನುಷ್ಯ ಆವಲಪ್ಪ.

"ಅಜ್ಜಿ, ಆ ಹೊರಗಿನ ಗುಳಿ ವಿಷಯ ಹೇಳಿ," ಎಂದಳು.

ವೆಂಕಟರತ್ನಮ್ಮ ಒಳಗಿನಿಂದ ಮಣೆ ತರಿಸಿದರು. ಹಲಸಿನ ಮರದ್ದು, ಗುಳಿಗಳೆಲ್ಲ ಬೆರಳು ತಾಗಿ ತಾಗಿ ನುಣುಪಾಗಿದ್ದವು. ಅದನ್ನು ನೆಲದ ಮೇಲಿಟ್ಟು, ಒಂದು ಡಬ್ಬಿಯಿಂದ ಗುಲಗಂಜಿ ತೆಗೆದು, ಮಣೆಯ ಎಡಕ್ಕೆ ನೆಲದಲ್ಲಿದ್ದ ಸಣ್ಣ ತಗ್ಗಿನಲ್ಲಿಟ್ಟರು. ಜಗುಲಿಯ ಗಾರೆಯಲ್ಲಿ ಎಷ್ಟೋ ವರ್ಷ ಬೀಜ ಇಟ್ಟೇ ಆದ ತಗ್ಗು ಅದು.

"ನಮ್ಮನೇಲಿ ಆಟ ಶುರು ಮಾಡೋ ಮುಂಚೆ ಇದು ಇಡಬೇಕು. ಮದುವೆಯಾಗಿ ಹೋದ ಹೆಣ್ಮಕ್ಕಳು, ಊರಿಗೆ ಹೋದೋರು, ಯಾರು ಮನೇಲಿಲ್ಲವೋ ಅವ್ರ ಬೀಜ. ಸರದಿ ಬದಲಾಗುವಾಗೆಲ್ಲ ಇದನ್ನ ಮುಟ್ಟಿ ಮುಂದಿನೋರು ಆಡಬೇಕು. ನಮ್ಮತ್ತೆ ಕಾಲದಿಂದ ಹಿಂಗೇ. ಬೇರೆ ಯಾರ ಮನೇಲೂ ಇಲ್ಲ."

"ಈಗ ಯಾರಿಗೆ ಇಡ್ತೀರಾ?"

ಮುದುಕಿ ಚಂದನ ಒಳಗೆ ಹೋಗುವವರೆಗೆ ಕಾದರು.

"ನಮ್ಮ ಶ್ಯಾಮಲಂಗೆ. ನನ್ನ ಚಿಕ್ಕ ಮಗಳು. ಈ ಚಂದನ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ ಮುಳಬಾಗಿಲಿಗೆ ಹೋಗಿ ಬರ್ತೀನಿ ಅಂತ ಹೋದೋಳು ಬರಲಿಲ್ಲ. ಆಮೇಲೆ ಆವನಿ ಕಡೆ ಒಂದು ಕೆರೇಲಿ ಹೆಣ ಸಿಗ್ತು. ಮುಖ ಗೊತ್ತಾಗ್ತಿರಲಿಲ್ಲಂತೆ. ಈ ಪೊಲೀಸಪ್ಪನೇ ಸೀರೆ ತಂದು ತೋರಿಸಿದ್ದು. ಸೀರೆ ಅವಳದೇ." ಅವರು ಗುಲಗಂಜಿಯನ್ನು ಬೆರಳಿಂದ ಸರಿಮಾಡಿದರು. "ತಿಥಿ ಗಂಡಸರು ಮಾಡಿದ್ರು. ನಾನು ಬೀಜ ಇಡೋದು ಬಿಡಲಿಲ್ಲ."

ಸೌಪರ್ಣಿಕಾ ಮಜ್ಜಿಗೆಯ ಲೋಟ ಕೆಳಗಿಟ್ಟಳು.

"ಹಠಮಾರಿ ಅವಳು," ಮುದುಕಿ ಇದ್ದಕ್ಕಿದ್ದಂತೆ ನಕ್ಕರು. "ಗುಲಗಂಜಿ ಇಡೇ ಅಂದ್ರೆ ಇಡೋಳಲ್ಲ. ಎರಡು ಸೀತಾಫಲದ ಬೀಜ ತಂದು ತುದಿಗೆ ತುದಿ ತಾಗಿಸಿ ಮಲಗಿಸೋಳು. ಯಾಕೇ ಅಂದ್ರೆ, 'ದೂರ ಇರೋರು ಒಂಟಿಯಾಗಿ ಇರಬಾರದಮ್ಮ' ಅನ್ನೋಳು. ಇದು ಯಾರಿಗೂ ಹೇಳಿಲ್ಲ ನಾನು. ಚಂದನಂಗೂ ಗೊತ್ತಿಲ್ಲ. ಹೇಳಿದ್ರೆ ಎದೆ ಹಿಡ್ಕೊಳ್ಳುತ್ತೆ."

ಹೊರಗೆ ವ್ಯಾನಿನ ಹಾರನ್ನು ಬೇಸರದಿಂದ ಎರಡು ಸಲ ಕೂಗಿತು.

* * *

ಶ್ರೀನಿವಾಸಪುರದ ಕಂಪ್ಯೂಟರ್ ಸೆಂಟರಿನಲ್ಲಿ ಭಾರ್ಗವ್ ಎಲ್ಲರಿಗೂ ತಂಪಾದ ಬಾದಾಮಿ ಹಾಲು ತರಿಸಿಟ್ಟಿದ್ದ. ಮೂವತ್ತರ ಆಸುಪಾಸಿನ, ಇಸ್ತ್ರಿ ಕೆಡದ ಮನುಷ್ಯ. ಸಬ್ ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ ಫ್ಯಾನಿನ ನೇರ ಕೆಳಗೆ ಕುರ್ಚಿ ಎಳೆದುಕೊಂಡಿದ್ದರು. ಆವಲಪ್ಪ ಬಾಗಿಲ ಬಳಿ ನಿಂತರು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ," ಎಂದ ಭಾರ್ಗವ್. "ಚಂದನಾ, ದೊಡ್ಡೋರನ್ನೆಲ್ಲ ಯಾಕಮ್ಮ ಈ ಬಿಸಿಲಲ್ಲಿ ಅಲೆದಾಡಿಸ್ತೀಯಾ? ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಾನೇನು ನಿನ್ನ ಜೈಲಿಗೆ ಕಳಿಸಬೇಕು ಅಂತಿದೀನಾ?"

ಚಂದನಳ ಕಿವಿ ಕೆಂಪಾಯಿತು. ಸೌಪರ್ಣಿಕಾ ಅವಳ ಮೊಣಕೈ ಹಿಡಿದು ಕೂರಿಸಿದಳು.

"ನಂಗೆ ಕಂಪ್ಯೂಟರ್ ಗೊತ್ತಿಲ್ಲ ಭಾರ್ಗವ್. ಸ್ವಲ್ಪ ತಿಳಿಸಿ ಹೇಳಿ. ಈ ಆಟ ಪೂರ್ತಿ ನೀವೇ ಮಾಡಿದ್ದಾ?"

"ಒಂದೊಂದು ಗೆರೆಯೂ ನಂದೇ."

"ಒತ್ತಿದ್ರೆ ಕೆಲಸ ಮಾಡುತ್ತಲ್ಲ, ಆ ಜಾಗಕ್ಕೆ ಏನಂತೀರಿ?"

"ಬಟನ್." ಅವನು ಮಕ್ಕಳಿಗೆ ಹೇಳುವಂತೆ ಹೇಳಿದ.

"ಈ ಆಟದಲ್ಲಿ ಎಷ್ಟಿವೆ?"

"ಹದಿನಾಲ್ಕು. ಗುಳಿಗೊಂದು."

"ಹದಿನೈದನೇದು?"

ಭಾರ್ಗವ್ ಸಬ್ ಇನ್‌ಸ್ಪೆಕ್ಟರ ಕಡೆ ತಿರುಗಿ ನಕ್ಕ. "ಅದೇ ಸರ್, ಈ ಹುಡುಗಿ ಊರೆಲ್ಲ ಹೇಳ್ಕೊಂಡು ತಿರುಗ್ತಿರೋ ಕತೆ. ಹದಿನೈದನೇ ಗುಳಿ, ಅದರಲ್ಲಿ ಅಜ್ಜಿ ದನಿ! ಯಾವತ್ತೂ ಇರಲಿಲ್ಲ. ಇದ್ರೆ ತೋರಿಸಲಿ. ಪುಟ ತೆರೆದಿದೆ, ಮೌಸ್ ಅಲ್ಲಿದೆ."

"ಯಾವತ್ತೂ ಇರಲಿಲ್ಲ. ಸರ್, ಈ ಮಾತು ಬರ್ಕೊಳ್ತೀರಾ?"

ಕೋದಂಡರಾಮಪ್ಪ ಬರೆದುಕೊಂಡರು. ಭಾರ್ಗವ್ ಓದಿ ಸಹಿಯನ್ನೂ ಹಾಕಿದ, ಅಕ್ಷರಗಳಿಗೆ ಬಾಲ ಎಳೆದು, ಅಚ್ಚುಕಟ್ಟಾಗಿ.

ಸೌಪರ್ಣಿಕಾ ಪರದೆಯ ಮುಂದೆ ಕೂತಳು. ಮೌಸನ್ನು ಎತ್ತಿ ಮೇಜಿನ ತುದಿಗೆ ಸರಿಸಿಟ್ಟಳು.

"ಮೌಸ್ ಬೇಡ," ಎಂದಳು. "ಅಜ್ಜಿ, ಇಲ್ಲಿ ಹಳದಿ ಚೌಕ ಕಾಣ್ತಿದೆಯಾ? ಅದು ಗುಳಿ ದಾಟಿದ ಹಾಗೆಲ್ಲ ಎಣಿಸ್ತಾ ಹೋಗಿ."

ವೆಂಕಟರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪರದೆಗೆ ಹತ್ತಿರ ಬಗ್ಗಿದರು. ಸಂತೆಯಲ್ಲಿ ಕಾಯಿ ಎಣಿಸುವ ರಾಗದಲ್ಲಿ ತೆಲುಗಿನಲ್ಲೇ ಶುರುಮಾಡಿದರು. "ಒಕಟಿ... ರೆಂಡು... ಮೂಡು..."

ಚೌಕ ಮಣೆಯ ಸುತ್ತ ನಡೆಯಿತು. ಭಾರ್ಗವ್ ಬಾದಾಮಿ ಹಾಲಿನ ಲೋಟ ಕೆಳಗಿಟ್ಟ.

"...ಪದಮೂಡು... ಪದ್ನಾಲುಗು."

ಸೌಪರ್ಣಿಕಾ ಮತ್ತೆ ಒತ್ತಿದಳು.

"ಎಲ್ಲೋಯ್ತು?" ಎಂದರು ಮುದುಕಿ.

"ನಾನೂ ಅದನ್ನೇ ಕೇಳ್ತಿದೀನಿ ಅಜ್ಜಿ. ಎಲ್ಲೋಯ್ತು ಭಾರ್ಗವ್?"

"ಅದು... ಬ್ರೌಸರಿಂದು ಏನೋ ತೊಂದರೆ. ಒಂದೊಂದ್ಸಲ ಹಂಗಾಗುತ್ತೆ." ಹೇಳುತ್ತ ಹೇಳುತ್ತ ಅವನ ಕೈ ಮೇಜಿನ ಹಿಂಬದಿಗೆ, ಸ್ಪೀಕರಿನ ವೈರಿನ ಕಡೆಗೆ ಜಾರಿತು.

"ಭಾರ್ಗವ್," ಕೋದಂಡರಾಮಪ್ಪನವರ ದನಿ ಎತ್ತರವಾಗಲಿಲ್ಲ. "ಕೈ ಎರಡೂ ಮೇಜಿನ ಮೇಲಿಡ್ರೀ. ನಂಗೆ ಕಾಣೋ ಹಂಗೆ."

ಕೈಗಳು ಮೇಲೆ ಬಂದವು.

ಸೌಪರ್ಣಿಕಾ ಎಂಟರ್ ಒತ್ತಿದಳು.

ಪರದೆಯ ಮೇಲೆ ಏನೂ ಆಗಲಿಲ್ಲ. ತಳ್ಳಿಸಿಕೊಂಡ ಗುಳಿ ಹೊರಗೆಲ್ಲೋ ತೆರೆದಿರಬೇಕು. ಆದರೆ ದನಿಗೆ ಪರದೆಯ ಅಂಚು ಎಲ್ಲಿಯದು? ಮೊದಲು ಒಂದು ಹುಂಜ ಕೂಗಿತು. ಗಾರೆ ನೆಲಕ್ಕೆ ಬೀಜ ತಾಗಿದ ಟಕ್ ಸದ್ದು. ಆಮೇಲೆ ಆ ಕೋಣೆಯ ತುಂಬ ಯಲ್ದೂರಿನ ಜಗುಲಿ ಹರಡಿತು.

"ಮನೇಲಿ ಇಲ್ದೋಳಿಗೂ ಒಂದು ಬೀಜ. ಅವಳ ಸರದಿ ಅವಳಿಗೇ ಇರಲಿ."

ಒಂದು ಕ್ಷಣ ಬಿಟ್ಟು ಅದೇ ದನಿ: "ಏಯ್ ಚಂದನಾ, ಆ ಮೈಕು ದೂರ ಇಡೇ! ಮೂಗಿಗೆ ತಾಗುತ್ತೆ!"

ಕೋದಂಡರಾಮಪ್ಪ ಹೋ ಎಂದು ನಕ್ಕುಬಿಟ್ಟರು. ವೆಂಕಟರತ್ನಮ್ಮ ಸ್ಪೀಕರಿನ ಹಿಂದೆ ಇಣುಕಿ ನೋಡಿದರು.

"ಅಯ್ಯೋ ದೇವುಡಾ! ನಾನಿಲ್ಲೇ ನಿಂತಿದೀನಿ, ಅಲ್ಲಿ ಯಾರು ನನ್ನಂಗೆ ಮಾತಾಡ್ತಿರೋದು?"

ಚಂದನ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ದಿನದಿಂದ ಬಿಗಿದಿದ್ದ ಭುಜಗಳು ಅಲುಗುತ್ತಿದ್ದವು. ನಗುವೋ ಅಳುವೋ ಅವಳಿಗೇ ತಿಳಿದಂತಿರಲಿಲ್ಲ.

ಭಾರ್ಗವ್ ಗಂಟಲು ಸರಿಮಾಡಿಕೊಂಡ. "ಸರ್, ಒಂದ್ನಿಮಿಷ. ಅದು ನಮ್ಮ ಸೆಂಟರ್ ಕೆಲಸಕ್ಕೇ ಅಂತ ಇವಳು ರೆಕಾರ್ಡ್ ಮಾಡ್ಕೊಂಡು ಬಂದಿದ್ದು. ನಾನೇ ಹೇಳಿದ್ದೆ..."

"ಯಾವತ್ತೂ ಇರಲಿಲ್ಲ ಅಂತ ಈಗಷ್ಟೇ ಸಹಿ ಹಾಕಿದ್ರಲ್ಲ," ಎಂದಳು ಸೌಪರ್ಣಿಕಾ. "ಇರದೇ ಇರೋದನ್ನ ಮಾಡ್ಕೊಂಡು ಬಾ ಅಂತ ಹೇಗೆ ಹೇಳಿದ್ರಿ?"

ಭಾರ್ಗವ್ ತಾನು ಸಹಿ ಹಾಕಿದ ಹಾಳೆಯ ಕಡೆ ನೋಡಿದ.

"ನಂಗೆ ಒಂದು ಮಾತ್ರ ಅರ್ಥ ಆಗ್ತಿಲ್ಲ," ಎಂದು ಸೌಪರ್ಣಿಕಾ ಮುಂದುವರಿಸಿದಳು. "ಕಿತ್ತು ಬಿಸಾಕಿದ್ರೆ ಗುರುತೇ ಇರ್ತಿರಲಿಲ್ಲ. ಯಾಕೆ ಕೀಳಲಿಲ್ಲ?"

"ಕಿತ್ತು ನೋಡ್ದ ಅಕ್ಕ!" ಚಂದನ ಎದ್ದು ನಿಂತಿದ್ದಳು. "ಕಿತ್ತೇ ಇರ್ತಾನೆ. ಕಿತ್ತ ತಕ್ಷಣ ಆಟ ನಿಂತಿರುತ್ತೆ. ನಮ್ಮನೇಲಿ ಆ ಬೀಜ ಮುಟ್ಟದೆ ಸರದಿ ಬದಲಾಗಲ್ಲ. ನಾನೂ ಹಂಗೇ ಬರೆದಿದ್ದೆ. ಪ್ರತಿ ಸರದೀನೂ ಆ ಗುಳಿ ದಾಟ್ಕೊಂಡೇ ಹೋಗುತ್ತೆ. ಇವನು ಬರೆದಿದ್ದಿದ್ರೆ ಬಿಡಿಸಿ ಬೇರೆ ಥರ ಬರೀತಿದ್ದ. ಇವನಿಗೆ ಅದು ಎಲ್ಲಿ ಕಟ್ಟಿದೆ ಅಂತಾನೇ ಗೊತ್ತಾಗಿಲ್ಲ. ಅದಕ್ಕೇ ಕಣ್ಣಿಗೆ ಕಾಣದಂಗೆ ಪಕ್ಕಕ್ಕೆ ತಳ್ಳಿ ಕೈ ತೊಳ್ಕೊಂಡ!"

ಕೋದಂಡರಾಮಪ್ಪ ಪೆನ್ನಿನ ಮುಚ್ಚಳ ತೆಗೆದು ಭಾರ್ಗವನ ಮುಂದೆ ಹಾಳೆ ಸರಿಸಿದರು. "ದೂರು ಸುಳ್ಳು ಅಂತ ನೀವೇ ಬರ್ಕೊಡ್ತೀರೋ, ಇಲ್ಲಾ ನಾನು ನಿಮ್ಮ ಮೇಲೆ ಬರೀಲೋ?"

ಭಾರ್ಗವ್ ಬರೆದ. ಈ ಸಲದ ಸಹಿಗೆ ಬಾಲವಿರಲಿಲ್ಲ.

ಸಬ್ ಇನ್‌ಸ್ಪೆಕ್ಟರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಚಂದನಳ ಕಡೆ ನೋಡಿದರು. "ಸೋಮವಾರ ಕೆಲಸಕ್ಕೆ ಹೋಗಮ್ಮ. ಯಾರಾದ್ರೂ ಏನಾದ್ರೂ ಅಂದ್ರೆ ನಂಗೆ ಫೋನ್ ಮಾಡಿಸು. ನನ್ನ ಮಗಳು ದಿನಾ ಈ ಆಟ ಆಡ್ತಾಳೆ. ಮಾಡಿದೋಳ ಜೊತೆ ಮಾತಾಡಿದೆ ಅಂತ ಹೇಳ್ತೀನಿ."

ಚಂದನ ನೇರ ಹೋಗಿ ಭಾರ್ಗವನ ತಿರುಗುವ ಕುರ್ಚಿಯ ಪಕ್ಕ ನಿಂತಳು.

"ಸ್ವಲ್ಪ ಏಳ್ತೀರಾ ಸರ್?"

ಅವನು ಎದ್ದ. ಅವಳು ಕೂತಳು. ಮೂಲ ಫೈಲು ತೆರೆದಳು. ಕಲಿತ ಬೆರಳುಗಳು ಚಕಚಕ ಓಡಿದವು. ಬೆಳ್ಳನೆಯ ಸ್ಟೇಜು, ಅದರ ನಡುವೆ ಮಣೆ, ಸುತ್ತ ಬೂದು ಖಾಲಿ. ಆ ಖಾಲಿಯ ದೂರದ ಮೂಲೆಯಲ್ಲಿ, ಗಾರೆ ಬಣ್ಣದ ಸಣ್ಣದೊಂದು ತಗ್ಗು ಒಂಟಿಯಾಗಿ ಬಿದ್ದಿತ್ತು.

ಅವಳು ಅದನ್ನು ಹಿಡಿದು ಎಳೆದು ತಂದಳು. ಮಣೆಯ ಎಡಕ್ಕೆ, ಅದರ ಜಾಗಕ್ಕೆ. ಉಳಿಸಿ, ವೆಬ್ ಪುಟಕ್ಕೆ ಏರಿಸಿದಳು. ಪುಟವನ್ನು ಮತ್ತೆ ತೆರೆದಾಗ ಮಣೆಯ ಪಕ್ಕದಲ್ಲಿ ಹದಿನೈದನೆಯ ಗುಳಿ, ಎಲ್ಲೂ ಹೋಗಿಯೇ ಇರಲಿಲ್ಲವೆಂಬಂತೆ ಕೂತಿತ್ತು.

ಸೌಪರ್ಣಿಕಾ ಆಮೇಲೆ ಎಷ್ಟೋ ಕೇಸು ಗೆದ್ದಳು. ಕಂಪ್ಯೂಟರಿನ ಪರದೆಯಲ್ಲಿ ಒಂದು ಗಾರೆ ಬಣ್ಣದ ಚುಕ್ಕೆ ಒಳಗೆ ಬಂದದ್ದನ್ನು ನೋಡಿ ಎದ್ದು ಕುಣಿಯಬೇಕೆನಿಸಿದ್ದು ಮಾತ್ರ ಅವತ್ತೇ.

"ಅಜ್ಜಿ, ನೀನೇ ಒತ್ತು," ಎಂದಳು ಚಂದನ. ಮುದುಕಿಯ ಕೈಯನ್ನು ಮೌಸಿನ ಮೇಲಿಟ್ಟು ತನ್ನ ಕೈ ಅದರ ಮೇಲಿಟ್ಟಳು. "ಒತ್ತಿದ್ರೆ ಗುಳಿ ದೊಡ್ಡದಾಗಿ ತೆರ್ಕೊಳ್ಳುತ್ತೆ. ನಿನ್ನ ಡಬ್ಬೀಲಿರೋ ಬೀಜ ಎಲ್ಲಾ ಇಟ್ಟಿದೀನಿ ಅದರಲ್ಲಿ. ಯಾವುದು ಬೇಕೋ ಅದನ್ನ ಎಳೆದು ಹಾಕಬಹುದು. ಯಾವ ಊರಲ್ಲಿ ಕೂತು ಯಾರು ಹಾಕಿದ್ರೂ ಅದು ಇಲ್ಲೇ ಉಳ್ಕೊಳ್ಳುತ್ತೆ."

ಹುಂಜ ಕೂಗಿತು. ದನಿ ಬಂತು. ಗುಳಿ ತೆರೆಯಿತು.

ಚಂದನ ಮುಂದಕ್ಕೆ ಬಗ್ಗಿದಳು. "ಇದೇನಿದು? ಬೀಜ ಹಾಕೋದನ್ನ ಕೊನೇ ದಿನ ಸೇರಿಸಿದ್ದೆ, ಆಟ ನನ್ನ ಕೈ ತಪ್ಪಿದಾಗ ಇದು ಖಾಲಿ ಇತ್ತು."

ಗುಳಿ ಖಾಲಿ ಇರಲಿಲ್ಲ. ಅದರ ತಳದಲ್ಲಿ ಎರಡು ಕಪ್ಪು ಬೀಜಗಳಿದ್ದವು. ಸೀತಾಫಲದ ಬೀಜ. ತುದಿಗೆ ತುದಿ ತಾಗಿಸಿ ಮಲಗಿಸಿದ್ದವು.

ವೆಂಕಟರತ್ನಮ್ಮ ಕೂಗಲಿಲ್ಲ. ಮೌಸಿನ ಮೇಲಿದ್ದ ಅವರ ಕೈ ಮಾತ್ರ ಮುಷ್ಟಿಯಾಯಿತು.

"ಶ್ಯಾಮಲ," ಎಂದರು. ಆಟದಲ್ಲಿ ಸರದಿ ಬಂದವಳನ್ನು ಕರೆದಷ್ಟೇ ಸಹಜವಾಗಿ.

ಸೌಪರ್ಣಿಕಾ ಪರದೆಗೆ ಇನ್ನಷ್ಟು ಬಗ್ಗಿದಳು. ಎಷ್ಟೋ ವರ್ಷದ ಹಿಂದೆ ತಿಥಿ ಮಾಡಿಸಿಕೊಂಡವಳು ಈ ವರ್ಷ ಬೀಜ ಇಟ್ಟಿದ್ದಳು.

"ಎಲ್ಲಿಂದ ಹಾಕಿದ್ದು ಅಂತ ಗೊತ್ತಾಗುತ್ತಾ ಚಂದನ?"

"ಗೊತ್ತಾಗುತ್ತೆ. ಹಾಕೋರು ಊರ ಹೆಸರು ಬರೀಬೇಕು. ಬೀಜದ ಮೇಲೆ ಎರಡು ಸಲ ಒತ್ತಿದ್ರೆ ಕಾಣುತ್ತೆ. ಹಂಗೆ ನೋಡೋದು ನಂಗೊಬ್ಬಳಿಗೇ ಗೊತ್ತು." ಚಂದನ ಒತ್ತಿದಳು. ಬೀಜಗಳ ಕೆಳಗೆ ಅಕ್ಷರಗಳು ಮೂಡಿದವು. ಅವಳು ಗಟ್ಟಿಯಾಗಿ ಓದಿದಳು. "ಪಲಮನೇರು."

ಆಂಧ್ರದ ಗಡಿ ದಾಟಿದರೆ ಸಿಗುವ ಊರು. ಮುಳಬಾಗಿಲಿನಿಂದ ನೇರ ಹೆದ್ದಾರಿ.

ಸೌಪರ್ಣಿಕಾ ಭಾರ್ಗವನ ಕಡೆ ತಿರುಗಿದಳು. ಕದ್ದ ಆಟ ಕೈಬಿಟ್ಟಾಗಲೂ ಅಷ್ಟು ಬಿಳಿಚಿಕೊಳ್ಳದ ಮುಖ ಈಗ ಸುಣ್ಣದಂತಾಗಿತ್ತು.

"ಆಟ ನಿಮ್ಮ ಕೈಗೆ ಬಂದಮೇಲೂ ಈ ಗುಳಿ ಕೆಲವು ದಿನ ಕಾಣೋ ಹಾಗೇ ಇತ್ತು. ಅಲ್ವಾ? ಇಲ್ಲದಿದ್ರೆ ಈ ಬೀಜ ಹಾಕೋಕೆ ಆಗ್ತಿರಲಿಲ್ಲ. ಆಮೇಲೆ ಹೊರಗೆ ತಳ್ಳಿದ್ರಿ. ಯಾಕೆ?"

"ನಂಗೆ ಆ ಬೀಜದ ವಿಷಯ ಏನೂ ಗೊತ್ತಿಲ್ಲ ಮೇಡಂ. ದೇವರಾಣೆ ಗೊತ್ತಿಲ್ಲ." ಭಾರ್ಗವ್ ಒಂದು ಹೆಜ್ಜೆ ಹಿಂದೆ ಸರಿದ. "ಆಟ ನನ್ನ ಕೈಗೆ ಬಂದು ವಾರ ಆಗಿತ್ತು, ಒಬ್ಬರು ಬಂದ್ರು. ಇಲ್ಲೇ ಕೂತು ಆಟ ನೋಡಿದ್ರು. ಆ ಗುಳಿ ಯಾರ ಕಣ್ಣಿಗೂ ಬೀಳಬಾರದು, ತೆಗೆದುಬಿಡು ಅಂದ್ರು. ಹಾಗೆ ಮಾಡಿದ್ರೆ ಹುಡುಗಿ ಮೇಲಿನ ದೂರು ಠಾಣೇಲಿ ಗಟ್ಟಿಯಾಗಿ ನಿಲ್ಲೋ ಹಂಗೆ ನೋಡ್ಕೊಳ್ತೀನಿ ಅಂದ್ರು."

"ಯಾರು?"

ಭಾರ್ಗವ್ ಬೆರಳೆತ್ತಿ ಬಾಗಿಲ ಕಡೆ ತೋರಿಸಿದ. "ಈಗ ಅಲ್ಲೇ ನಿಂತಿದ್ರಲ್ಲ, ನಿಮ್ಮ..."

ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಟ್ಟದ ಬಾದಾಮಿ ಹಾಲಿನ ಲೋಟವೊಂದು ಹೊಸ್ತಿಲ ಪಕ್ಕದ ನೆಲದ ಮೇಲಿತ್ತು.

ಸೈಬರ್ ಸೆಂಟರಿನಲ್ಲಿ ಕಾಲಿಗೆ ಸಿಕ್ಕಿದ ವೈರು. ಯಲ್ದೂರಿನಲ್ಲಿ ವಾಪಸು ಬಂದ ಮಜ್ಜಿಗೆ. ಕೆರೆಯ ದಂಡೆಯಿಂದ ಆವಲಪ್ಪ ತಂದ ಸೀರೆ. ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದು ನಿಂತವು.

ಹೊರಗೆ ಓಮ್ನಿ ಗುರ್ರೆಂದಿತು.

ಸೌಪರ್ಣಿಕಾ ಮೆಟ್ಟಿಲು ಹಾರಿ ಬೀದಿಗೆ ಬರುವಷ್ಟರಲ್ಲಿ ವ್ಯಾನು ತಿರುವಿನಲ್ಲಿತ್ತು. ಕೋಲಾರದ ಕಡೆಗೆ ಹೋಗಬೇಕಾದ ವ್ಯಾನು ಮುಳಬಾಗಿಲು ದಾಟಿ ಪಲಮನೇರಿಗೆ ಹೋಗುವ ರಸ್ತೆ ಹಿಡಿದಿತ್ತು.